ಸ್ವಲೀನರ ಕವಿತೆ: ಒಂದು ವಿಮರ್ಶೆ

ಕವಿರಾಜಮಾರ್ಗದ ಪ್ರಥಮ ಪರಿಚ್ಛೇದದಲ್ಲಿ ಕನ್ನಡಿಗರ ನುಡಿಜಾಣ್ಮೆಯನ್ನು ಕೊಂಡಾಡುವ ಭಾಗವು ಪ್ರಸಿದ್ಧವಾದುದು. ವ್ಯಾಸಂಗವಿಲ್ಲದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರ ಮಾತನ್ನು ವಿದ್ವಾಂಸರು ಪದೇ ಪದೇ ಉದಾಹರಿಸುವರು. ಆದರೆ ಅದರ ಬೆನ್ನಿಗೇ ಬರುವ ಪದ್ಯದ ಕಡೆಗೆ ಅಷ್ಟು ಗಮನವು ಹೋಗಿಲ್ಲ. ಪಂಡಿತರು ಮಾತ್ರವಲ್ಲದೆ ಇತರರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೆಂದೂ, ಎಳೆಯ ಮಕ್ಕಳೂ ಮೂಗರೂ ಕೂಡ ವಿವೇಕವನ್ನೂ ಮಾತನ್ನೂ ತಿಳಿಯಪಡಿಸಬಲ್ಲರೆಂದೂ ಅಲ್ಲಿ ಹೇಳಿದೆ. ಇದನ್ನು ನಾಡಿನ ಹೊಗಳಿಕೆಗಾಗಿ ಬಂದ ಅತಿಶಯೋಕ್ತಿಯೆಂದು ಬದಿಗಿಡುವುದು ಸುಲಭ. ಆದರೂ ಒಂದು ಪ್ರಶ್ನೆಯು ಉಳಿದೇ ಉಳಿಯುತ್ತದೆ. ಬಾಯಿಂದ ಮಾತು ಹೊರಡದವನು ಮಾತನ್ನು ತಿಳಿಯಪಡಿಸುವುದು ಹೇಗೆ? ಅವನು ತಿಳಿಯಪಡಿಸಿದುದು ಕಾವ್ಯವಾಗಿದ್ದರೆ ಅದನ್ನು ಯಾವ ಲಕ್ಷಣದಿಂದ ಪರೀಕ್ಷಿಸಬೇಕು? ಸ್ವಲೀನತೆಯುಳ್ಳವರು, ಎಂದರೆ ಆಟಿಸಂ ಎಂಬ ಸ್ಥಿತಿಯೊಡನೆ ಹುಟ್ಟಿದವರು, ರಚಿಸಿದ ಕವಿತೆಗಳು ಪುಸ್ತಕರೂಪದಲ್ಲಿ ಪ್ರಕಟವಾಗುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ.

ಸ್ವಲೀನತೆಯನ್ನು ಪ್ರತ್ಯೇಕವಾಗಿ ಗುರುತಿಸಿ ವರ್ಣಿಸಿದವರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಪ್ರಮುಖನು. 1943ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ 11 ಮಕ್ಕಳ ವೃತ್ತಾಂತವಿದೆ. ಅವರಲ್ಲಿ ಎಂಟು ಮಂದಿಗೆ ಮಾತು ಬಂದಿತ್ತು, ಮೂವರಿಗೆ ಬಂದಿರಲಿಲ್ಲ. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರನು ಇದಕ್ಕೆ ಸಮೀಪವಾದ ಲಕ್ಷಣಗಳನ್ನು ವಿವರಿಸಿದನು. ಇವು ವೈದ್ಯರ ಗ್ರಂಥಗಳು. ಸಾಹಿತ್ಯದವರಿಗೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ 1946ರಲ್ಲಿ ಕ್ಯಾನರನು ಬರೆದ ಮತ್ತೊಂದು ಲೇಖನವು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲರೂ ನೋಡಬೇಕಾದುದು. ಈ ಮಕ್ಕಳ ಮಾತಿನಲ್ಲಿ ಅಸಂಬದ್ಧವೆಂದು ತೋರುವುದು ವಾಸ್ತವವಾಗಿ ಲಾಕ್ಷಣಿಕ ಪ್ರಯೋಗವೆಂಬುದು ಅದರ ಪ್ರತಿಪಾದ್ಯ.

ಅವನು ಕೊಡುವ ಒಂದು ನಿದರ್ಶನವಿದು. ಒಬ್ಬ ಬಾಲಕನು ಏನನ್ನಾದರೂ ಎಸೆಯಬೇಕೆಂಬ ಆಸೆಯಾದಾಗಲೆಲ್ಲ, ನಾಯಿಯನ್ನು ಮೊಗಸಾಲೆಯಿಂದ ಕೆಳಕ್ಕೆ ಎಸೆಯಬೇಡವೆಂಬ ಅರ್ಥದ ವಾಕ್ಯವನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದನು. ಹತ್ತಿರದಲ್ಲಿ ನಾಯಿಯೂ ಇಲ್ಲ, ಮೊಗಸಾಲೆಯೂ ಇಲ್ಲ. ಕೇಳಿದವರು ಇದನ್ನು ಪ್ರಲಾಪವೆಂದೇ ತಿಳಿಯಬೇಕು. ತಾಯಿಯನ್ನು ವಿಚಾರಿಸಲಾಗಿ ಸಂಗತಿಯು ಹೊರಬಿದ್ದಿತು. ಹಿಂದೊಮ್ಮೆ ಅವನು ಆಟದ ನಾಯಿಯನ್ನು ಮೇಲಿನಿಂದ ಪದೇ ಪದೇ ಎಸೆಯುತ್ತಿದ್ದಾಗ ಬೇಸತ್ತ ಆಕೆ ಆ ಮಾತಿನಿಂದ ತಡೆದಿದ್ದಳು. ಅಂದಿನಿಂದ ಅವನಿಗೆ ಆ ವಾಕ್ಯವು ಎಸೆಯಬಾರದೆಂಬ ಸಂಯಮದ ವಾಚಕವಾಯಿತು. ಇದನ್ನು ಮಮ್ಮಟನ ಲಕ್ಷಣಾಲಕ್ಷಣದೊಡನೆ ಹೋಲಿಸಿ ನೋಡಬೇಕು. ಮುಖ್ಯಾರ್ಥಕ್ಕೆ ಬಾಧೆಯಿದೆ; ನಾಯಿಯಿಲ್ಲದೆಡೆಯಲ್ಲಿ ನಾಯಿಯ ಮಾತು ಹೊಂದದು. ತದ್ಯೋಗವೂ ಇದೆ, ಎಸೆಯುವ ಕ್ರಿಯೆಯೇ ಸಂಬಂಧ. ಉಳಿದುದು ರೂಢಿ ಅಥವಾ ಪ್ರಯೋಜನ. ಇಲ್ಲಿ ರೂಢಿಯುಂಟು, ಆದರೆ ಅದು ಒಬ್ಬನೇ ಮನುಷ್ಯನ ರೂಢಿ. ಲೋಕವು ಅದರಲ್ಲಿ ಪಾಲುಗೊಂಡಿಲ್ಲ.

ಲೋಕದ ರೂಢಿಯಾಗಲಿ ಪ್ರಯೋಜನವಾಗಲಿ ಇಲ್ಲದೆ ಸ್ವೇಚ್ಛೆಯಿಂದ ಕಲ್ಪಿಸಿದ ಲಕ್ಷಣೆಯನ್ನು ಆಲಂಕಾರಿಕರು ನೇಯಾರ್ಥವೆಂಬ ದೋಷದಲ್ಲಿ ಎಣಿಸಿದ್ದಾರೆ. ಕ್ಯಾನರನ ಬಾಲಕನ ವಾಕ್ಯವು ನೇಯಾರ್ಥವೇ ಸರಿ, ಅದನ್ನು ಕಾವ್ಯವೆನ್ನಲಾಗದು. ಆದರೆ ಈ ದೋಷವು ಅಶಕ್ತಿಯಿಂದ ಬಂದುದಲ್ಲ. ಸಂಬಂಧವನ್ನು ಕಾಣುವ ಕಣ್ಣು ಅಲ್ಲಿ ಚೆನ್ನಾಗಿಯೇ ತೆರೆದಿದೆ. ಕಂಡ ಸಂಬಂಧವನ್ನು ಕೇಳುವವನಿಗೂ ಕಾಣಿಸುವ ಸೇತುವೆಯೊಂದೇ ಕಟ್ಟಲ್ಪಟ್ಟಿಲ್ಲ. ಸ್ವಲೀನರು ಉಪಮೆ ರೂಪಕಗಳನ್ನು ಅರಿಯರೆಂದೂ ಅವರ ಮಾತು ವಾಚ್ಯಾರ್ಥದಲ್ಲಿಯೇ ನಿಲ್ಲುವುದೆಂದೂ ಬಹುಕಾಲ ಶಾಲೆಗಳಲ್ಲಿ ನಂಬಿಕೊಂಡು ಬಂದುದಕ್ಕೆ ಕ್ಯಾನರನ ಈ ಲೇಖನವು ಮೊದಲೇ ಉತ್ತರವಾಗಿತ್ತು. 1993ರಲ್ಲಿ ಫ್ರಾನ್ಸೆಸ್ಕಾ ಹ್ಯಾಪೆ ಎಂಬ ವಿದುಷಿಯು ನಡೆಸಿದ ಪರೀಕ್ಷೆಯಲ್ಲಿ ಸ್ವಲೀನರಲ್ಲಿ ಕೆಲವರು ಅನ್ಯರ ರೂಪಕವನ್ನು ಗ್ರಹಿಸುವುದರಲ್ಲಿ ಎಡವಿದರು, ಕೆಲವರು ಎಡವಲಿಲ್ಲ. ಅನ್ಯರ ರೂಪಕವನ್ನು ಗ್ರಹಿಸುವುದು ಬೇರೆ, ತನ್ನದನ್ನು ಸೃಷ್ಟಿಸುವುದು ಬೇರೆ. ಭಾವಯಿತ್ರಿ, ಕಾರಯಿತ್ರಿ ಎಂದು ರಾಜಶೇಖರನು ಪ್ರತಿಭೆಯನ್ನು ಎರಡಾಗಿ ಒಡೆದುದನ್ನು ತಿಳಿದವರಿಗೆ ಇದು ಹೊಸ ಮಾತಲ್ಲ.

ಅದೇ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಮೇಧಾವಿರುದ್ರ, ಕುಮಾರದಾಸ ಮೊದಲಾದವರು ಹುಟ್ಟುಕುರುಡರಾದ ಕವಿಗಳೆಂದು ಕೇಳಿಬರುವುದಾಗಿ ಹೇಳುತ್ತಾನೆ. ಪ್ರತಿಭೆಯುಳ್ಳವನಿಗೆ ಕಾಣದ ವಸ್ತುವೂ ಪ್ರತ್ಯಕ್ಷದಂತಿರುವುದೆಂಬುದಕ್ಕೆ ಅವರು ಅವನಿಗೆ ಸಾಕ್ಷಿಗಳು. ಇಂದ್ರಿಯವೈಕಲ್ಯವುಳ್ಳವನನ್ನು ಕವಿಗಳ ಸಾಲಿನಿಂದ ಹೊರಗಿಡುವ ಆಲೋಚನೆಯು ಆ ಪ್ರಾಚೀನನಿಗೆ ಬರಲೇ ಇಲ್ಲ. ಭಟ್ಟತೌತನ ಮತವು ಪ್ರಕೃತಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಕವಿಯಾಗಲು ದರ್ಶನವೊಂದೇ ಸಾಲದು, ವರ್ಣನೆಯೂ ಬೇಕು. ವಾಲ್ಮೀಕಿಗೆ ದರ್ಶನವು ನಿರ್ಮಲವಾಗಿದ್ದರೂ ವರ್ಣನೆಯು ಒದಗುವವರೆಗೆ ಕವಿತೆಯು ಉದಯಿಸಲಿಲ್ಲ ಎಂಬುದು ಅದರ ಸಾರ. ಮಾತಿಲ್ಲದ ಸ್ವಲೀನರ ವಿಷಯದಲ್ಲಿ ದರ್ಶನವರ್ಣನೆಗಳ ಈ ಅಂತರವು ಶರೀರದಲ್ಲಿಯೇ ನೆಲಸಿರುವಂತೆ ತೋರುತ್ತದೆ. ಆ ಅಂತರವನ್ನು ದಾಟಿದವರ ಕೃತಿಯಲ್ಲಿ ದಾಟುವಿಕೆಯ ಗುರುತು ಉಳಿದಿರುವುದೇ ಎಂದು ನೋಡಬೇಕು.

ಇದಕ್ಕೆ ಉತ್ತಮ ಉದಾಹರಣೆಯು ಕರ್ನಾಟಕಕ್ಕೆ ಹೊರಗಿನದಲ್ಲ. 1989ರಲ್ಲಿ ಜನಿಸಿದ ತೀತೋ ರಾಜರ್ಷಿ ಮುಖೋಪಾಧ್ಯಾಯರ ಬಾಲ್ಯವು ಮೈಸೂರು, ಬೆಂಗಳೂರುಗಳಲ್ಲಿ ಕಳೆಯಿತು. ಮನೆಮಾತು ಬಂಗಾಳಿ, ಬರೆಹದ ಭಾಷೆ ಇಂಗ್ಲಿಷು. ಬಾಯಿಮಾತು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದ ಮಗನಿಗೆ ತಾಯಿ ಸೋಮಾ ಮುಖೋಪಾಧ್ಯಾಯರು ಅಕ್ಷರಫಲಕದ ಮೂಲಕ ಓದನ್ನು ಕಲಿಸಿ, ಕಥೆ ಕಾವ್ಯಗಳನ್ನು ಓದಿ ಹೇಳಿ, ಮುಂದೆ ಸೀಸದಕಡ್ಡಿಯನ್ನು ಕೈಗೆ ಕಟ್ಟಿ ಬರೆಯುವುದನ್ನೂ ರೂಢಿಮಾಡಿಸಿದರು. ಎಂಟರಿಂದ ಹನ್ನೊಂದರ ವಯಸ್ಸಿನೊಳಗೆ ಬರೆದ ಗದ್ಯಪದ್ಯಗಳು ‘ಬಿಯಾಂಡ್ ದಿ ಸೈಲೆನ್ಸ್’ ಎಂಬ ಹೆಸರಿನಿಂದ 2000ದಲ್ಲಿ ಲಂಡನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯಿಂದ ಪ್ರಕಟವಾದವು. 2001ರಲ್ಲಿ ತಾಯಿಮಕ್ಕಳು ಅಮೆರಿಕಕ್ಕೆ ತೆರಳಿದರು. ಅಲ್ಲಿ 2003ರಲ್ಲಿ ಅದೇ ಬರೆಹಗಳು ‘ದಿ ಮೈಂಡ್ ಟ್ರೀ’ ಎಂಬ ಹೊಸ ಹೆಸರಿನಲ್ಲಿ ಹೊರಬಂದವು. 2008ರಲ್ಲಿ ತುಟಿ ಅಲುಗದಿದ್ದರೆ ಮಾತಾಡುವುದೆಂತೆಂದು ಕೇಳುವ ಶೀರ್ಷಿಕೆಯ ಆತ್ಮಕಥನವೂ, 2015ರಲ್ಲಿ ‘ಪ್ಲಾಂಕ್ಟನ್ ಡ್ರೀಮ್ಸ್’ ಎಂಬ ವ್ಯಂಗ್ಯಪ್ರಧಾನವಾದ ಗ್ರಂಥವೂ ಬಂದವು. ‘ದಿ ಮೈಂಡ್ ಟ್ರೀ’ ಗ್ರಂಥದ ಉಪಶೀರ್ಷಿಕೆಯಲ್ಲಿ ಬಾಲಕನನ್ನು ಅದ್ಭುತ ಶಿಶುವೆಂದು ಕರೆದಿದೆ. ಪುಸ್ತಕದ ಮಾರಾಟಕ್ಕೆ ಅದರಿಂದ ಅನುಕೂಲವಾಗಿರಬಹುದು. ಕವಿಗೆ ಅಪಕಾರವೇ ಆಯಿತು. ಅದ್ಭುತವೆಂದ ಕೂಡಲೇ ಓದುಗನು ಪದ್ಯವನ್ನು ಬಿಟ್ಟು ಪದ್ಯಕಾರನನ್ನು ನೋಡತೊಡಗುತ್ತಾನೆ.

ಪದ್ಯಕಾರನನ್ನು ಬಿಟ್ಟು ಕೃತಿಯನ್ನು ನೋಡಿದರೆ ಮನೋವೃಕ್ಷದ ಕಥೆಯಲ್ಲಿ ವಿಚಾರಿಸತಕ್ಕ ಅಂಶವು ಬೇಕಾದಷ್ಟಿದೆ. ಅಲ್ಲಿ ಕಥೆ ಹೇಳುವುದು ಒಂದು ಮರ. ಅದಕ್ಕೆ ಮನಸ್ಸು ಇದೆ, ಕಣ್ಣಿಲ್ಲ, ಬಾಯಿಲ್ಲ. ಸಂಸ್ಕೃತದಲ್ಲಿ ವೃಕ್ಷಾನ್ಯೋಕ್ತಿಗಳಿಗೆ ಕೊರತೆಯಿಲ್ಲ. ಭಲ್ಲಟನ ಶತಕದಿಂದ ಮೊದಲುಗೊಂಡು ಸುಭಾಷಿತಸಂಗ್ರಹಗಳ ತುಂಬ ಅವು ಹರಡಿವೆ. ಮರವನ್ನು ವರ್ಣಿಸುವ ನೆಪದಿಂದ ಉದಾರಿಯನ್ನೋ ಕೃಪಣನನ್ನೋ ರಾಜನನ್ನೋ ಸೂಚಿಸುವುದು ಅಪ್ರಸ್ತುತಪ್ರಶಂಸೆಯ ಮಾರ್ಗ. ಆದರೆ ಆ ಪದ್ಯಗಳಲ್ಲಿ ಸಾಮಾನ್ಯವಾಗಿ ಕವಿಯು ಹೊರಗೆ ನಿಂತು ಮರವನ್ನು ಸಂಬೋಧಿಸುವನು. ಮರವು ಕೇಳುತ್ತದೆ, ಕವಿಯು ನುಡಿಯುತ್ತಾನೆ. ಇಲ್ಲಿ ಆ ವ್ಯವಸ್ಥೆಯು ತಲೆಕೆಳಗಾಗಿದೆ. ಸಂಬೋಧನೆಗೆ ಮಾತ್ರ ಪಾತ್ರವಾಗಿದ್ದುದೇ ಎದ್ದು ನುಡಿಯತೊಡಗಿದೆ. ಬಾಲ್ಯವೆಲ್ಲ ಅನ್ಯರ ಸಂಬೋಧನೆಯನ್ನು ಉತ್ತರಿಸಲಾರದೆ ಕೇಳಿದವನಿಗೆ ಈ ವ್ಯತ್ಯಾಸವು ತಾನಾಗಿಯೇ ಒದಗಿರಬೇಕು. ಅನ್ಯೋಕ್ತಿಯ ಪರಂಪರೆಯನ್ನು ನೋಡಿ ಕಲಿತುದೆನ್ನಲು ಕಾರಣವಿಲ್ಲ. ಪ್ರಸ್ತುತಾಪ್ರಸ್ತುತಗಳ ಅಂತರವೂ ಇಲ್ಲಿ ತೀರ ತೆಳುವಾಗಿದೆ. ಮರವು ತನ್ನ ಸುತ್ತ ನಡೆಯುವುದನ್ನು ಶಾಖದಿಂದಲೂ ಗಾಳಿಯಿಂದಲೂ ಊಹಿಸಿಕೊಳ್ಳುವ ರೀತಿಯಲ್ಲಿ ನೇಯಾರ್ಥದ ಸೋಂಕೇ ಇಲ್ಲ; ಕ್ಯಾನರನ ಬಾಲಕನಿಗೆ ಸಾಧ್ಯವಾಗದ ಸೇತುವೆಯನ್ನು ಈ ಬಾಲಕನು ಕಟ್ಟಿದ್ದಾನೆ.

ಎಲ್ಲವೂ ಇದೇ ಮಟ್ಟದಲ್ಲಿವೆಯೆಂದು ಹೇಳಲಾಗದು. ಆ ಮೊದಲ ಸಂಗ್ರಹದ ಪದ್ಯಗಳಲ್ಲಿ ಹಲವು ಪ್ರಾಸದ ಹಿಡಿತಕ್ಕೆ ಸಿಕ್ಕಿ ಅರ್ಥವನ್ನು ಬಾಗಿಸಿವೆ. ಬಾಲ್ಯದಲ್ಲಿ ಇಂಗ್ಲಿಷ್ ಪದ್ಯಗಳನ್ನು ಕೇಳಿ ಬೆಳೆದ ಯಾವ ಹುಡುಗನಲ್ಲಿಯೂ ಕಾಣುವ ದೋಷವಿದು. ಗದ್ಯದಲ್ಲಿಯೇ ಈ ಲೇಖಕನ ಕಾವ್ಯಶಕ್ತಿಯು ಹೆಚ್ಚು. ನೆರಳು, ಕನ್ನಡಿ ಮೊದಲಾದ ನಿತ್ಯದ ವಸ್ತುಗಳನ್ನು ಕುರಿತು 2008ರ ಗ್ರಂಥದಲ್ಲಿ ಬರೆದ ಭಾಗಗಳಲ್ಲಿ ಸ್ವಭಾವೋಕ್ತಿಯು ಸಹಜವಾಗಿ ವಕ್ರೋಕ್ತಿಯಾಗುತ್ತದೆ. ನೋಡುವ ಕಣ್ಣೇ ಲೋಕದ ದಾರಿಯನ್ನು ಬಿಟ್ಟು ನಡೆಯುವುದರಿಂದ ಇದ್ದುದನ್ನು ಇದ್ದಂತೆ ಹೇಳಿದರೂ ಅದು ಹೊಸದಾಗಿ ಕೇಳಿಸುತ್ತದೆ. ಸ್ವಭಾವೋಕ್ತಿಯು ಅಲಂಕಾರವೇ ಅಲ್ಲವೆಂದು ವಾದಿಸಿದ ಕುಂತಕನು ಇಂತಹ ಗದ್ಯವನ್ನು ಕಂಡಿದ್ದರೆ ತನ್ನ ವಾದವನ್ನು ಮತ್ತೊಮ್ಮೆ ತೂಗಿ ನೋಡುತ್ತಿದ್ದನೋ ಏನೋ!

ಪುನರುಕ್ತಿಯ ವಿಷಯವು ಬೇರೆಯೇ ವಿಚಾರವನ್ನು ಬೇಡುತ್ತದೆ. ಕೇಳಿದ ಮಾತನ್ನೇ ಮರಳಿ ನುಡಿಯುವುದು ಸ್ವಲೀನರಲ್ಲಿ ಅನೇಕರ ಅಭ್ಯಾಸ. ಅದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಬಿಡಿಸಲು ಯತ್ನಿಸುವುದೇ ಹಿಂದಿನ ಕ್ರಮವಾಗಿತ್ತು. 1981ರಲ್ಲಿ ಬ್ಯಾರಿ ಪ್ರಿಜಂಟ್, ಜೂಡಿತ್ ಡುಕನ್ ಎಂಬ ಸಂಶೋಧಕರು ಇಂತಹ ಮರುನುಡಿಗಳಿಗೆ ಒಪ್ಪಿಗೆ, ಬೇಡಿಕೆ, ಸರದಿಯ ಪಾಲನೆ ಮೊದಲಾದ ಪ್ರಯೋಜನಗಳಿರುವುದನ್ನು ತೋರಿಸಿಕೊಟ್ಟರು. ಆಲಂಕಾರಿಕರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅದೇ ಶಬ್ದ, ಅದೇ ಅರ್ಥ, ಆದರೆ ತಾತ್ಪರ್ಯ ಮಾತ್ರ ಭಿನ್ನವಾದಲ್ಲಿ ಲಾಟಾನುಪ್ರಾಸವೆಂದು ಹೆಸರಿಟ್ಟು ಅವರು ಅದನ್ನು ಅಲಂಕಾರಪದವಿಗೇರಿಸಿದ್ದಾರೆ. ಭಯಶೋಕಹರ್ಷವಿಸ್ಮಯಾದಿಗಳಲ್ಲಿ ಪುನರುಕ್ತಿಯು ದೋಷವಲ್ಲವೆಂದು ಭಾಮಹನೂ ಅನುಮತಿಸಿದ್ದಾನೆ. 2022ರಲ್ಲಿ ಅಮೆರಿಕದ ಮಿಲ್ಕ್‌ವೀಡ್ ಪ್ರಕಾಶನದವರು ಮಲ್ಟಿವರ್ಸ್ ಎಂಬ ಮಾಲೆಯಲ್ಲಿ ಹೊರತಂದ ಹ್ಯಾನಾ ಎಮರ್ಸನ್ ಎಂಬ ಕವಯಿತ್ರಿಯ ಸಂಗ್ರಹದಲ್ಲಿ ಸಮ್ಮತಿಯ ಒಂದೇ ಚಿಕ್ಕ ಪದವು ಪದ್ಯದಿಂದ ಪದ್ಯಕ್ಕೆ ಮರಳುತ್ತ ಹೋಗುತ್ತದೆ. ಮೊದಲ ಓದಿಗೆ ಬೇಸರ ಹುಟ್ಟಿಸುವ ಈ ಆವೃತ್ತಿಯು ಗಟ್ಟಿಯಾಗಿ ಓದಿದಾಗ ಕೀರ್ತನೆಯ ಪಲ್ಲವಿಯ ಕೆಲಸವನ್ನು ಮಾಡುತ್ತದೆ. ಪ್ರತಿ ಚರಣದ ಬಳಿಕವೂ ಪಲ್ಲವಿಯ ಶಬ್ದವು ಅದೇ, ಭಾರವು ಬೇರೆ. ಕೆಲವು ಪದ್ಯಗಳಲ್ಲಿ ತಾತ್ಪರ್ಯಭೇದವು ಸಿದ್ಧಿಸದೆ ಬರಿಯ ಆವೃತ್ತಿಯೇ ಉಳಿಯುವುದೂ ಉಂಟು. ಅಲ್ಲಿ ದೋಷವನ್ನು ದೋಷವೆಂದೇ ಹೇಳಬೇಕು. ಕರುಣರಸವು ಬೇರೆ, ಕನಿಕರವು ಬೇರೆ. ಕನಿಕರದಿಂದ ಕೊಟ್ಟ ಪ್ರಶಂಸೆಯು ಕವಿಯನ್ನು ಕವಿಯೆಂದು ಒಪ್ಪದಿರುವ ಒಂದು ಸಭ್ಯವಾದ ವಿಧಾನ.

ಇಷ್ಟು ಹೇಳಿದ ಮೇಲೆ ಅತ್ಯಂತ ಕಠಿಣವಾದ ವಿಷಯವನ್ನು ಎತ್ತದೆ ವಿಧಿಯಿಲ್ಲ. ಅದು ಕರ್ತೃತ್ವದ ಪ್ರಶ್ನೆ. ಮಾತಿಲ್ಲದವರ ಕೈಯನ್ನು ಸಹಾಯಕನು ಹಿಡಿದು ಅಕ್ಷರಗಳನ್ನು ಒತ್ತಿಸುವ ಪದ್ಧತಿಯೊಂದು 1990ರ ದಶಕದಲ್ಲಿ ಬಹಳ ಹರಡಿತು. ಸಹಾಯಕನಿಗೆ ಒಂದು ಚಿತ್ರವನ್ನೂ ಬರೆಯುವವನಿಗೆ ಬೇರೊಂದನ್ನೂ ತೋರಿಸಿ ಪರೀಕ್ಷಿಸಿದಾಗ ಕಾಗದದ ಮೇಲೆ ಮೂಡಿದುದು ಸಹಾಯಕನು ಕಂಡ ಚಿತ್ರದ ಹೆಸರೇ ಆಗಿದ್ದಿತು. ಸಹಾಯಕರು ವಂಚಕರಾಗಿರಲಿಲ್ಲ, ತಮ್ಮ ಕೈಯೇ ಬರೆಯುತ್ತಿರುವುದೆಂಬುದು ಅವರಿಗೂ ಗೊತ್ತಿರಲಿಲ್ಲ. ಫಲಕವನ್ನು ಹಿಡಿದು ಪ್ರೇರಿಸುವ, ಸೋಮಾ ಮುಖೋಪಾಧ್ಯಾಯರು ಅಮೆರಿಕದಲ್ಲಿ ಬೋಧಿಸಿದ ಪದ್ಧತಿಯಲ್ಲಿ ಕೈಯನ್ನು ಹಿಡಿಯುವುದಿಲ್ಲ. ಆದರೂ 2018ರಲ್ಲಿ ಅಲ್ಲಿನ ವಾಕ್‌ಶ್ರವಣತಜ್ಞರ ಸಂಘವು ಎರಡು ಪದ್ಧತಿಗಳ ವಿಷಯದಲ್ಲಿಯೂ ಪ್ರತಿಕೂಲವಾದ ನಿರ್ಣಯವನ್ನು ಪ್ರಕಟಿಸಿ, ಹೀಗೆ ಬಂದ ಮಾತನ್ನು ಆ ವ್ಯಕ್ತಿಯದೆಂದು ಭಾವಿಸಲಾಗದೆಂದು ಸಾರಿತು. ತೀತೋ ಅವರಾದರೋ ಸ್ವಹಸ್ತದಿಂದ ಬರೆಯುವುದನ್ನು ಹಲವರು ಕಂಡಿದ್ದಾರೆ; ಅವರ ವಿಷಯವನ್ನು ಎಲ್ಲರೊಡನೆ ಸೇರಿಸಿ ತೀರ್ಮಾನಿಸುವುದು ನ್ಯಾಯವಲ್ಲ. ಆದರೆ ಅವರೊಬ್ಬರ ಕೀರ್ತಿಯನ್ನು ಪದ್ಧತಿಗೆ ಪ್ರಮಾಣವಾಗಿ ತೋರಿಸುವುದೂ ಹಾಗೆಯೇ ನ್ಯಾಯವಲ್ಲ.

ಕರ್ತೃವಿವಾದವು ಸಾಹಿತ್ಯದ ವಿದ್ವಾಂಸರಿಗೆ ಹೊಸದಲ್ಲ. ಮೇಲೆ ಹೇಳಿದ ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂದು ದಶಕಗಳ ಕಾಲ ವಾದ ನಡೆದಿದೆ. ಆ ವಾದದಲ್ಲಿ ಯಾರು ಗೆದ್ದರೂ ಗ್ರಂಥದ ಒಂದಕ್ಷರವೂ ಕದಲದು, ಯಾರ ಅನ್ನಕ್ಕೂ ಕುಂದಿಲ್ಲ. ಸ್ವಲೀನಕವಿಯ ವಿಷಯದಲ್ಲಿ ಹಾಗಲ್ಲ. ರಾಜಶೇಖರನು ಶಬ್ದಹರಣ, ಅರ್ಥಹರಣಗಳನ್ನು ಅನೇಕ ಪ್ರಭೇದಗಳಾಗಿ ವಿಂಗಡಿಸಿದ್ದಾನೆ. ಇಲ್ಲಿ ಹರಣವು ಎರಡು ದಿಕ್ಕಿನಿಂದಲೂ ಸಂಭವಿಸಬಹುದು. ಸಹಾಯಕನ ಪದ್ಯವನ್ನು ಮಾತಿಲ್ಲದವನ ಹೆಸರಿನಲ್ಲಿ ಅಚ್ಚುಹಾಕಿದರೆ ಅವನ ಮೌನವನ್ನು ಕದ್ದಂತಾಯಿತು; ಅವನು ನಿಜವಾಗಿ ಹೇಳಬೇಕೆಂದಿದ್ದುದೇನೆಂದು ಮುಂದೆ ಯಾರೂ ಕೇಳುವುದಿಲ್ಲ. ಅವನೇ ಬರೆದುದನ್ನು ಸಹಾಯಕನದೆಂದು ತಳ್ಳಿಹಾಕಿದರೆ ಅವನ ಮಾತನ್ನೇ ಕದ್ದಂತಾಯಿತು. ಎರಡೂ ಅಪಹರಣಗಳೇ. ಮೊದಲನೆಯದನ್ನು ಮರುಕವು ಮಾಡಿಸುತ್ತದೆ, ಎರಡನೆಯದನ್ನು ಅಹಂಕಾರವು ಮಾಡಿಸುತ್ತದೆ. ಪದ್ಯದ ಗುಣದೋಷವು ವಿಮರ್ಶಕನ ಕ್ಷೇತ್ರ. ಪದ್ಯವು ಚೆನ್ನಾಗಿದೆಯೆಂಬುದೇ ಅದು ಇಂತಹವನದೆಂಬುದಕ್ಕೆ ಪ್ರಮಾಣವಾಗದು. ಎಮರ್ಸನ್ ಮೊದಲಾದವರ ಕೃತಿಗಳ ವಿಷಯದಲ್ಲಿಯೂ ಈ ಎರಡು ತೀರ್ಪುಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ಸಹೃದಯನ ಪಾತ್ರವನ್ನು ಕುರಿತು ಹೇಳಬೇಕಾದುದು ಸ್ವಲ್ಪ. ಭಟ್ಟನಾಯಕನ ಸಾಧಾರಣೀಕರಣವು ಕವಿಯಿಂದ ಮಾತ್ರ ನಡೆಯುವ ವ್ಯಾಪಾರವಲ್ಲ. ಓದುಗನ ಹೃದಯವೂ ಅದಕ್ಕೆ ಸಿದ್ಧವಾಗಿರಬೇಕು. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಸ್ವಲೀನರಾದ ವಿದ್ವಾಂಸರು, ಇದಕ್ಕೆ ಹತ್ತಿರವಾದುದನ್ನೇ ಹೇಳಿದ್ದಾರೆ. ಸ್ವಲೀನರು ಇತರರನ್ನು ಅರಿಯಲಾರರೆಂಬುದು ಅರ್ಧಸತ್ಯ, ಇತರರೂ ಸ್ವಲೀನರನ್ನು ಅರಿಯಲಾರರು, ಕೊರತೆಯು ಇಬ್ಬರ ನಡುವಣದು ಎಂಬುದು ಅವರ ಪಕ್ಷ. ಅಮೆರಿಕದ ಸಾಹಿತ್ಯಾಧ್ಯಾಪಕ ರಾಲ್ಫ್ ಸವರೀಸರು ತೀತೋ ಅವರೊಡನೆ ಮೆಲ್ವಿಲನ ‘ಮೋಬಿ ಡಿಕ್’ ಕಾದಂಬರಿಯನ್ನು ದೂರದಿಂದಲೇ ಅಧ್ಯಾಯ ಅಧ್ಯಾಯವಾಗಿ ಓದಿ ಚರ್ಚಿಸಿದ ವಿವರವು 2018ರ ಅವರ ಗ್ರಂಥದಲ್ಲಿದೆ. ಸ್ವಲೀನನು ಭಾವಕನೂ ಆಗಬಲ್ಲನೆಂಬುದಕ್ಕೆ ಅದು ಸಾಕ್ಷಿ. ಆಸ್ಟ್ರೇಲಿಯದ ಕವಿ ಲೆಸ್ ಮರೇ (1938–2019) ತಮ್ಮ ಸ್ವಲೀನಪುತ್ರನನ್ನು ಕುರಿತು ಬರೆದ ಕವಿತೆಯು ಹೊರಗಿನಿಂದ ನೋಡಿದವರು ಬರೆದುದರಲ್ಲಿ ಶ್ರೇಷ್ಠವಾದುದು. ವ್ಯಾಖ್ಯಾನವಿಲ್ಲದ ಬಿಡಿಬಿಡಿ ವಾಕ್ಯಗಳಲ್ಲಿ ಹುಡುಗನ ನಡೆನುಡಿಗಳನ್ನು ಮಾತ್ರ ಅದು ಜೋಡಿಸುತ್ತದೆ, ಎಲ್ಲಿಯೂ ಅಳುವುದಿಲ್ಲ.

ಅಧ್ಯಾಪಕರಿಗೆ ಇದರಿಂದ ದೊರೆಯುವ ಉಪಯೋಗವೇನೆಂದರೆ, ಛಂದಸ್ಸನ್ನು ಕಟ್ಟೆಂದು ಹಳಿಯುವ ಇಂದಿನ ರೂಢಿಯನ್ನು ಇಂತಹ ವಿದ್ಯಾರ್ಥಿಯ ಮುಂದೆ ಬಿಡುವುದು ಲೇಸು. ಒಂದೇ ಕ್ರಮವು ಮರಳಿ ಮರಳಿ ಬರಬೇಕೆಂಬ ಹಂಬಲವು ಸ್ವಲೀನತೆಯ ಲಕ್ಷಣಗಳಲ್ಲಿ ಒಂದೆಂದು ವೈದ್ಯರು ಹೇಳುವರು. ಲೋಕವ್ಯವಹಾರದಲ್ಲಿ ಹಠವೆನ್ನಿಸಿಕೊಳ್ಳುವ ಆ ಹಂಬಲವೇ ಛಂದಸ್ಸಿನಲ್ಲಿ ನಿಯಮವೆನ್ನಿಸಿಕೊಳ್ಳುತ್ತದೆ. ಭಾಮಿನೀಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ನಡೆದು, ಮೂರನೆಯ ಹಾಗೂ ಆರನೆಯ ಪಾದಗಳಲ್ಲಿ ಮತ್ತೊಂದು ಮೂರುನಾಲ್ಕನ್ನು ಸೇರಿಸಿಕೊಂಡು ಗುರುವಿನಲ್ಲಿ ನಿಲ್ಲುತ್ತವೆ. ಮುಂದೆ ಬರುವುದೇನೆಂದು ಮೊದಲೇ ತಿಳಿದಿರುವ ಈ ಹೆಜ್ಜೆಯಲ್ಲಿ ಭಯಪಡುವುದಕ್ಕೆ ಏನೂ ಇಲ್ಲ. ತರಗತಿಯಲ್ಲಿ ಎದ್ದು ನಿಂತು ಪದ್ಯದ ಅರ್ಥ ಹೇಳಲಾರದ ಹುಡುಗನು ಅದೇ ಗತಿಯಲ್ಲಿ ನಾಲ್ಕು ಸಾಲು ಬರೆದು ತಂದರೆ ಅದನ್ನು ಉತ್ತರವೆಂದು ಸ್ವೀಕರಿಸಬಾರದೇಕೆ? ಅವನ ಸಾಲು ಅರ್ಥವಾಗದಿದ್ದಲ್ಲಿ, ತಪ್ಪೆಂದು ಗೆರೆ ಎಳೆಯುವ ಮುನ್ನ, ಕ್ಯಾನರನು ತಾಯಿಯನ್ನು ಕೇಳಿದಂತೆ ಮನೆಯವರನ್ನು ಕೇಳಿ ನೋಡಬಹುದು. ನೇಯಾರ್ಥದ ಹಿಂದೆ ಒಂದು ನಾಯಿಯೂ ಒಂದು ಮೊಗಸಾಲೆಯೂ ಇದ್ದೀತು.

ಇನ್ನು ಇಂತಹ ಕವಿತೆಗಳನ್ನು ಸಂಪಾದಿಸಿ ಅಚ್ಚುಮಾಡುವವರಿಗೆ ತಾಳೆಯೋಲೆಯ ಪ್ರತಿಗಳು ಒಂದು ಕ್ರಮವನ್ನು ತೋರಿಸಿಕೊಟ್ಟಿವೆ. ಗ್ರಂಥಾಂತ್ಯದಲ್ಲಿ ಕವಿಯ ಹೆಸರಿನ ಬಳಿಕ ಲಿಪಿಕಾರನು ತನ್ನ ಹೆಸರನ್ನೂ ಬರೆದ ಸಂವತ್ಸರತಿಥಿಗಳನ್ನೂ ತಿಳಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡುತ್ತಿದ್ದನು. ವ್ಯಾಸರಿಗೆ ಗಣಪತಿಯೇ ಲಿಪಿಕಾರನಾಗಿದ್ದನೆಂಬುದನ್ನು ಮುಚ್ಚಿಡಬೇಕೆಂದು ಯಾರಿಗೂ ತೋರಲಿಲ್ಲ. ಸ್ವಲೀನಕವಿಯ ಪ್ರತಿ ಸಂಗ್ರಹದ ಕೊನೆಯಲ್ಲಿಯೂ ಪದ್ಯವನ್ನು ಕೈಯಿಂದ ಬರೆದುದೋ ಯಂತ್ರದಲ್ಲಿ ಒತ್ತಿದುದೋ, ಬಳಿಯಲ್ಲಿ ಯಾರಿದ್ದರು, ಅವರ ಕೈ ಎಲ್ಲಿತ್ತು, ಪದಗಳ ವಿಂಗಡಣೆಯೂ ವಿರಾಮಚಿಹ್ನೆಗಳೂ ಯಾರವು, ಸಂಪಾದಕನು ಎಲ್ಲೆಲ್ಲಿ ತಿದ್ದಿದನು ಎಂಬುದನ್ನು ಒಂದು ಪುಟದಲ್ಲಿ ಮುದ್ರಿಸತಕ್ಕದ್ದು.